ದಾವಲಸಾಬರು ನಡೆಯಬೇಕೆಂದ ಬೀದಿ

ಕೆಲಸ ಮುಗಿಸಿ ಯಾವ ಮನೆಯಿಂದ ಹೊರಡುವಾಗಲೂ ದಾವಲಸಾಬ ನದಾಫರು ಹೊಸ್ತಿಲ ಹೊರಗೆ ಒಂದು ಗಳಿಗೆ ನಿಂತು, ತಮ್ಮ ಹಳೆಯ ಕಂದು ಕೋಟಿನ ಎರಡೂ ಜೇಬುಗಳನ್ನು ಒಳಮೈ ಹೊರಗಾಗುವಂತೆ ಎಳೆದು ಕೊಡವುತ್ತಿದ್ದರು. ಆಮೇಲೆ ದಬ್ಬಣ, ದಾರದುಂಡೆ, ಕತ್ತರಿಗಳಿದ್ದ ಚೀಲವನ್ನು ಮನೆಯೊಡತಿಯ ಕಣ್ಣೆದುರಿಗೆ ಬೋರಲು ಹಾಕಿ, ಬಿದ್ದುದನ್ನೆಲ್ಲ ಒಂದೊಂದಾಗಿ ಎತ್ತಿ ತುಂಬಿಕೊಳ್ಳುತ್ತಿದ್ದರು. ಹಾಗೆ ಮಾಡೆಂದು ಯಾರೂ ಕೇಳುತ್ತಿರಲಿಲ್ಲ. ವಿಜಯಪುರದ ನಮ್ಮ ಮನೆಗೆ ಗಾದಿಯ ಹತ್ತಿ ಹಿಂಜಲು ಅವರು ಮೊದಲ ಸಲ ಬಂದ ದಿನ ನನ್ನ ಹೆಂಡತಿ ಇದನ್ನು ಕಂಡು ಕಸಿವಿಸಿಗೊಂಡು, "ಅಯ್ಯ, ಇದೇನ್ರಿ ಅಣ್ಣಾರ, ನಾವೇನ ನಿಮ್ಮನ್ನ ಕಳ್ಳರ ಅಂದೇವೇನ್ರಿ?" ಎಂದಳು. ಅವರು ಜೇಬುಗಳನ್ನು ಒಳಗೆ ತೂರಿಕೊಳ್ಳುತ್ತ, "ನೀವು ಅಂದಿಲ್ರಿ ಅಕ್ಕಾರ. ಅನ್ನೂಕಿಂತ ಮೊದಲ ತೋರ್ಸೂದು ಚಲೋ," ಎಂದು ಹೇಳಿ, ಬಲಗೈಯನ್ನಷ್ಟೇ ಎತ್ತಿ ವಂದಿಸಿ ಮೆಟ್ಟಿಲಿಳಿದರು.

ಅವರ ನಡಿಗೆಯೂ ಹಾಗೆಯೇ ಇತ್ತು. ಬೀದಿಯ ನಡುಭಾಗವನ್ನು ಪರರ ಸ್ವತ್ತೆಂಬಂತೆ ಬಿಟ್ಟುಕೊಟ್ಟು, ಗೋಡೆಯ ನೆರಳಿಗೆ ಹೆಗಲು ತಾಗಿಸಿಕೊಂಡು, ತಿರುವು ಬಂದಲ್ಲಿ ಒಮ್ಮೆ ಹಿಂತಿರುಗಿ ನೋಡಿ, ಮತ್ತೆ ಮುಂದೆ ಸಾಗುವ ಆ ಎತ್ತರದ ದೇಹವನ್ನು ದೂರದಿಂದಲೇ ಗುರುತಿಸಬಹುದಾಗಿತ್ತು. ಹುಬ್ಬಿನ ಕೂದಲಲ್ಲಿ ಹತ್ತಿಯ ಎಳೆ ಸದಾ ಅಂಟಿಕೊಂಡಿರುತ್ತಿದ್ದುದರಿಂದ ಅವರ ಹುಬ್ಬು ನೆರೆತಿದೆಯೋ ಇಲ್ಲವೋ ಎಂಬುದು ನನಗೆ ಬಹುಕಾಲ ತಿಳಿಯಲೇ ಇಲ್ಲ. ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಸಮೀಪದ ಒಂದು ಬಾಡಿಗೆ ಮನೆಯಲ್ಲಿ, ಹೆಂಡತಿ ಚಾಂದಬಿ ಮತ್ತು ಮಗಳು ಮಿನಾಜಳೊಡನೆ ಅವರ ವಾಸ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಬೆಳಗಿನ ಲಿಂಗಪೂಜೆಯೂ ಹಳಗನ್ನಡದ ಗದ್ಯಪಾರಾಯಣವೂ ಮುಗಿದ ಮೇಲೆ ಆ ಕಡೆಗೆ ಅಡ್ಡಾಡಲು ಹೋಗುವುದು ರೂಢಿಯಾಯಿತು. ಹಿಂಜಿದ ಹತ್ತಿಯ ರಾಶಿಯ ಪಕ್ಕದಲ್ಲಿ ಕುಳಿತು ಮಾತನಾಡುತ್ತ ಮಾತನಾಡುತ್ತ ಅವರ ಕಥೆ ತುಣುಕು ತುಣುಕಾಗಿ ನನ್ನ ಅರಿವಿಗೆ ಬಂದಿತು.

ಮೂಲತಃ ಅವರದು ಟಿಕೋಟಾ. ತಲೆಮಾರುಗಳಿಂದ ಗಾದಿ ಕಟ್ಟಿಕೊಂಡು ಬಂದ ಮನೆತನ. ಈ ವೃತ್ತಿಗೆ ಹತ್ತಿ ಹಿಂಜುವ ಬಿಲ್ಲಾಗಲಿ ಈಚಿನ ಯಂತ್ರವಾಗಲಿ ನಿಜವಾದ ಬಂಡವಾಳವಲ್ಲ, ನಂಬಿಕೆಯೇ ಬಂಡವಾಳ. ಏಕೆಂದರೆ ನಮ್ಮ ಸೀಮೆಯ ಹೆಣ್ಣುಮಕ್ಕಳು ಗಂಡನಿಗೂ ತಿಳಿಯದಂತೆ ಉಳಿಸಿದ ನೋಟನ್ನೋ, ತವರಿನಿಂದ ಬಂದ ಬಂಗಾರದ ಗುಂಡನ್ನೋ ತಲೆದಿಂಬಿನ ಹತ್ತಿಯೊಳಗೆ ಹುದುಗಿಸಿ ಹೊಲಿದುಬಿಡುವುದು ಹಳೆಯ ಪದ್ಧತಿ. ವರ್ಷಗಳು ಕಳೆದ ಮೇಲೆ ಅವರೇ ಅದನ್ನು ಮರೆತಿರುತ್ತಾರೆ. ಹಿಂಜುವವನ ಕೈಗೆ ಅದು ತಾಗುತ್ತದೆ. ಆಗ ಪಿಂಜಾರನಾದವನು ಕೆಲಸ ನಿಲ್ಲಿಸಿ, ಮನೆಯ ಗಂಡಸರನ್ನು ಕರೆಯದೆ, ಆ ಹೆಣ್ಣುಮಗಳನ್ನೇ ಕರೆದು, ಅವಳ ಸೆರಗಿಗೆ ಅದನ್ನು ಹಾಕಿ, ಆ ವಿಷಯವನ್ನು ಮರೆತುಬಿಡಬೇಕು. ಎಲ್ಲಿಯೂ ಬರೆದಿರದ ಈ ಕಟ್ಟಳೆಯನ್ನು ದಾವಲಸಾಬರ ಅಜ್ಜ ಪಾಲಿಸಿದ್ದರು, ತಂದೆ ಪಾಲಿಸಿದ್ದರು, ಅವರೂ ಪಾಲಿಸಿದ್ದರು.

ಬಬಲೇಶ್ವರದ ಕಡೆಯ ಒಂದು ತೋಟದ ಮನೆಯಲ್ಲಿ ದಿಂಬಿನಲ್ಲಿ ಹುದುಗಿಸಿಡುವ ಈ ಪದ್ಧತಿಯೇ ಅವರಿಗೆ ಮುಳುವಾಯಿತು. ಆ ಮನೆಯ ಸೊಸೆ ದಿಂಬಿನಲ್ಲಿ ಬಂಗಾರದ ಸರವನ್ನು ಹೊಲಿದಿಟ್ಟಿದ್ದಳು. ಇದನ್ನು ಬಲ್ಲ ಅತ್ತೆ, ದಿಂಬುಗಳು ಪಿಂಜಾರನ ಕೈಗೆ ಹೋಗುತ್ತವೆಂದು ತಿಳಿದಾಗ, ಯಾರಿಗೂ ಹೇಳದೆ, ಸರವನ್ನು ತೆಗೆದು ಜೋಳದ ಚೀಲವೊಂದರೊಳಗೆ ಸೇರಿಸಿದಳು. ಮುಪ್ಪಿನ ಮರೆವಿನಲ್ಲಿ ಅದನ್ನು ತಾನೂ ಮರೆತಳು. ದಾವಲಸಾಬರು ದಿಂಬು ಹಿಂಜಿ ತುಂಬಿ, ಹೊಲಿದುಕೊಟ್ಟು ಬಂದರು. ಸೊಸೆ ಹುಡುಕಿದಾಗ ದಿಂಬಿನಲ್ಲಿ ಹತ್ತಿಯ ಹೊರತು ಏನೂ ಇರಲಿಲ್ಲ. ಆಮೇಲಿನದು ಬಹು ಬೇಗನೆ ನಡೆದುಹೋಯಿತು. ಯಾವ ಠಾಣೆ, ಯಾವ ಅಧಿಕಾರಿ ಎಂಬುದನ್ನು ನಾನು ಬರೆಯುವುದಿಲ್ಲ; ದಾವಲಸಾಬರೂ ಆ ಹೆಸರನ್ನು ಉಚ್ಚರಿಸಿದವರಲ್ಲ. ಪಂಚನಾಮೆಯ ನೆಪದಲ್ಲಿ, ಸಂತೆಯ ದಿನವನ್ನೇ ಆರಿಸಿಕೊಂಡು, ಎರಡೂ ಕೈಗೆ ಬೇಡಿ ತೊಡಿಸಿ, ಟಿಕೋಟಾದ ಬಸ್‌ಸ್ಟ್ಯಾಂಡಿನಿಂದ ಸಂತೆಯ ನಡುವೆ ಅವರ ಮನೆಯವರೆಗೆ ಅವರನ್ನು ನಡೆಸಿದರು. ಹುಡುಗರು ಸಿಳ್ಳೆ ಹೊಡೆಯುತ್ತ ಹಿಂಬಾಲಿಸಿದರು. ಠಾಣೆಯೊಳಗೆ ನಡೆದುದನ್ನು ಅವರು ನನಗೆ ಹೇಳಿದ್ದು ಕಡಿಮೆ. ಎಡಗೈಯ ಎರಡು ಬೆರಳುಗಳು ಇಂದಿಗೂ ಪೂರ್ತಿಯಾಗಿ ಮಡಚುವುದಿಲ್ಲವೆಂಬುದನ್ನು ನಾನೇ ಕಂಡೆ. ಅವರು ಸೆರೆಮನೆಯಲ್ಲಿರುವಾಗಲೇ ಜೋಳದ ಚೀಲ ಬಿಚ್ಚಿತು, ಸರ ಹೊರಬಿದ್ದಿತು.

ನ್ಯಾಯಾಲಯ ಅವರನ್ನು ಬಿಟ್ಟಿತು. ಒಬ್ಬ ಪುಣ್ಯಾತ್ಮ ವಕೀಲರ ದೂರಿನ ಮೇಲೆ ಮಾನವ ಹಕ್ಕುಗಳ ಆಯೋಗ ವಿಚಾರಣೆ ನಡೆಸಿ ಪರಿಹಾರ ಕೊಡಿಸಿತು. ದಾವಲಸಾಬರು ಆ ಹಣವನ್ನು ತಿರಸ್ಕರಿಸಲಿಲ್ಲ; ತಿರಸ್ಕರಿಸಲು ಚಾಂದಬಿ ಬಿಡುತ್ತಲೂ ಇರಲಿಲ್ಲ. "ಯಾರ ಅಪ್ಪನ ಮನೀದೂ ಅಲ್ಲ, ತೊಗೊಳ್ರಿ. ನನ್ನ ಕಿವ್ಯಾಗಿನ ಬೆಂಡೋಲಿ ವಕೀಲರ ಖರ್ಚಿಗೆ ಹೋಗ್ಯಾವ, ಅವೇನ ತಾವ ನಡಕೊಂಡ ಬರ್ತಾವೇನ?" ಎಂದಿದ್ದಳಂತೆ. ಹಣದಿಂದ ಮನೆಯೊಳಗಿನ ಎಷ್ಟೋ ಹರಕುಗಳು ಹೊಲಿಗೆಯಾದವು. ಆದರೆ ಟಿಕೋಟಾದಲ್ಲಿ ಒಂದು ಮನೆಯೂ ಅವರನ್ನು ಗಾದಿಗೆ ಕರೆಯಲಿಲ್ಲ. ಎದುರಿಗೆ ಸಿಕ್ಕಾಗ ಕುಶಲ ಕೇಳುತ್ತಿದ್ದರು, ಚಹಾ ಕುಡಿಸುತ್ತಿದ್ದರು, ತಲೆದಿಂಬುಗಳನ್ನು ಮಾತ್ರ ನಗರದ ಅಂಗಡಿಯಿಂದ ಹೊಸದಾಗಿ ಕೊಂಡು ತರುತ್ತಿದ್ದರು. ಸಾಲೆಯಲ್ಲಿ ಮಿನಾಜಳ ಪಕ್ಕದವರು ತಮ್ಮ ಪಾಟಿಚೀಲಗಳನ್ನು ಅತ್ತ ಸರಿಸಿಕೊಂಡು ಕೂರತೊಡಗಿದರು. ಅಂತೂ ಮನೆಗೆ ಬೀಗ ಹಾಕಿ ಅವರು ಇಬ್ರಾಹಿಂಪುರಕ್ಕೆ ಬಂದರು.

ಏಳೆಂಟು ವರ್ಷಗಳ ತರುವಾಯ ಒಂದು ಬೆಳಿಗ್ಗೆ ಅವರು ನನ್ನಲ್ಲಿಗೆ ಬಂದು, ಪೊಲೀಸ್ ಇಲಾಖೆಗೆ ಒಂದು ಅರ್ಜಿ ಬರೆದುಕೊಡಬೇಕೆಂದು ಕೇಳಿದರು. ನಾನು ಉತ್ಸಾಹದಿಂದ, ನನ್ನ ಶಬ್ದಭಂಡಾರವನ್ನೆಲ್ಲ ವೆಚ್ಚಮಾಡಿ, ಕಳೆದುಹೋದ ಘನತೆಯ ಪುನಃಸ್ಥಾಪನೆಯನ್ನು ಕುರಿತು ಒಂದು ದೀರ್ಘ ವಾಕ್ಯವನ್ನು ಬರೆದು ಓದಿದೆ. ಅವರು ತಲೆಬಾಗಿಸಿ ಕೇಳಿದರು.

"ಬಾಳ ಚಲೋ ಆಗೇತ್ರಿ ಸರ. ಆದರ ಇದನ್ನ ಓದಿದ ಮ್ಯಾಲ ಅವರು ಎದ್ದು ಏನ ಮಾಡಬೇಕ್ರಿ?"

"ಹಂಗಾರ ಏನ ಮಾಡಬೇಕಂತೀರಿ, ನೀವ ಹೇಳ್ರಿ."

"ಬಸ್‌ಸ್ಟ್ಯಾಂಡಿನಿಂದ ಮನಿತನಕ ಬೇಡಿ ಹಾಕಿ ನಡಿಸಿದ್ರಲ್ರಿ, ಅದ ಹಾದ್ಯಾಗ, ಸಂತಿ ದಿನಾನ, ಬೇಡಿ ಇಲ್ದ ನಡಿಸಿ ಮನಿಗೆ ಬಿಡ್ಲಿ. ಇವನ ತಪ್ಪಿಲ್ಲ, ತಪ್ಪ ನಮ್ಮದು ಅಂತ ಬಾಯಿಲೆ ಹೇಳ್ಲಿ. ಅಷ್ಟ ಬರೀರಿ."

"ಕೋರ್ಟ್ ಬಿಟ್ಟೇತಲ್ರಿ ನಿಮ್ಮನ್ನ?"

"ಬೇಡಿ ಹಾಕಿದ್ದನ್ನ ಊರೆಲ್ಲಾ ನೋಡೇತ್ರಿ. ಬಿಡುಗಡಿ ಆಗಿದ್ದನ್ನ ನಾನು, ಜಡ್ಜಸಾಹೇಬರು, ಮ್ಯಾಲ ತಿರಗೂ ಫ್ಯಾನು, ಇಷ್ಟ ಮಂದಿ ನೋಡೇವಿ," ಎಂದು ಅವರು ಗಂಭೀರವಾಗಿಯೇ ಹೇಳಿದರು.

ಬೇಡಿ ತೊಡಿಸಿದ್ದ ಆ ಠಾಣೆಗೆ ಆಗ ಆರತಿ ಎಂಬ ತರುಣಿ ಫೌಜದಾರರಾಗಿ ಬಂದಿದ್ದರು. ಅರ್ಜಿಯನ್ನು ಅವರು ಎರಡು ಸಲ ಓದಿದರು. "ಆವಾಗ ನಾನಿನ್ನೂ ಕಾಲೇಜಿನ್ಯಾಗ ಓದಾಕತ್ತಿದ್ನಿ ಕಾಕಾ. ಆ ಸಾಹೇಬರು ವರ್ಗಾ ಆಗಿ ಹೋಗ್ಯಾರ. ನಾ ಮಾಡಿದ್ದಲ್ಲ," ಎಂದರು, ತಪ್ಪಿಸಿಕೊಳ್ಳುವ ದನಿಯಲ್ಲಲ್ಲ, ದಾರಿ ಹುಡುಕುವ ದನಿಯಲ್ಲಿ. ದಾವಲಸಾಬರು, "ನೀವು ಮಾಡಿಲ್ಲಂತ ನನಗ ಗೊತ್ತೈತ್ರಿ ಬಾಯಾರ. ಆದರ ಅಂಗಿ ಅದ ಐತಲ್ರಿ," ಎಂದರು. ಆ ಹೆಣ್ಣುಮಗಳು ತನ್ನ ಖಾಕಿಯ ತೋಳನ್ನೊಮ್ಮೆ ನೋಡಿಕೊಂಡು, ಮೇಲಿನವರನ್ನು ಕೇಳಿ ತಿಳಿಸುವುದಾಗಿ ಹೇಳಿದರು. ಮೇಲಿನವರು ಒಪ್ಪುವಷ್ಟರಲ್ಲಿ ಒಂದು ಮಳೆಗಾಲವೇ ಸರಿದುಹೋಯಿತು, ಆದರೆ ಒಪ್ಪಿದರು.

ಇಲ್ಲಿಗೆ ಎಲ್ಲವೂ ನೇರವಾಗಿ ಮುಗಿಯಬಹುದಾಗಿತ್ತು. ಆದರೆ ಈ ಸುದ್ದಿ ಗುರುಪಾದಯ್ಯನವರ ಕಿವಿಗೆ ಬಿದ್ದಿತು. ಟಿಕೋಟಾದ ಈ ನಿವೃತ್ತ ಮುಖ್ಯಾಧ್ಯಾಪಕರು ನಿಷ್ಕಪಟಿಗಳು, ಊರಿಗೆ ಬೇಕಾದವರು. ಯಾವ ಸಂಗತಿಯೇ ಆಗಲಿ, ಅದು ಶಾಲು ಹೊದಿಸುವುದರಲ್ಲಿ ಪರ್ಯವಸಾನವಾಗಬೇಕೆಂಬುದು ಅವರ ದೃಢವಾದ ನಂಬಿಕೆ. ಯಾರಾದರೂ ಪರೀಕ್ಷೆ ಪಾಸಾದರೆ ಶಾಲು, ನೌಕರಿಯಿಂದ ನಿವೃತ್ತರಾದರೆ ಶಾಲು, ಒಮ್ಮೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಮರಳಿದ ಒಬ್ಬನಿಗೂ ಹೊದಿಸಿದ್ದರು. ದಾವಲಸಾಬರಂಥ ನಿರಪರಾಧಿ ಊರಿಗೆ ಮರಳುತ್ತಾನೆಂದ ಮೇಲೆ ಅವರು ಸುಮ್ಮನಿರುವುದುಂಟೆ?

ನಿಶ್ಚಯಿಸಿದ ಸಂತೆಯ ದಿನ ನಾನೂ ದಾವಲಸಾಬರೂ ಒಂದೇ ಬಸ್ಸಿನಲ್ಲಿ, ಒಂದೇ ಆಸನದಲ್ಲಿ ಕುಳಿತು ವಿಜಯಪುರದಿಂದ ಹೊರಟಿದ್ದೆವು. ಚಾಂದಬಿ ಟಿಕೋಟಾದ ಮನೆಯ ಬಾಗಿಲು ತೆರೆದು ಕಸ ಗುಡಿಸಲು ಮುಂಚೆಯೇ ಹೋಗಿದ್ದಳು. ಟಿಕೋಟಾದ ಬಸ್‌ಸ್ಟ್ಯಾಂಡು ಸಮೀಪಿಸುತ್ತಲೇ ಬ್ಯಾಂಡಿನ ಸದ್ದು ಕೇಳಿತು. ಕಿಟಕಿಯ ಆಚೆ ಶಾಮಿಯಾನ, ಅದರ ಕೆಳಗೆ ಕುರ್ಚಿಗಳು, ಮೈಕು, ಪೇಟ ಸುತ್ತಿದ ಹಿರಿಯರು; ಅವರ ನಡುವೆ, ಯಾರೋ ಕೈಗೆ ಹಿಡಿಸಿದ ಗುಲಾಬಿಯ ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ ಆರತಿಯವರು. ಇವೆಲ್ಲದರ ಮೇಲೆ ದಾವಲಸಾಬರ ದೊಡ್ಡ ಭಾವಚಿತ್ರವಿದ್ದ ಬ್ಯಾನರು. ಅದರಲ್ಲಿ ಅವರನ್ನು ನಮ್ಮೂರ ಹೆಮ್ಮೆ ಎಂದು ಕರೆದು ಹಾರ್ದಿಕ ಅಭಿನಂದನೆಗಳನ್ನು ಸಲ್ಲಿಸಲಾಗಿತ್ತು.

ಬಸ್ಸು ನಿಂತಿತು. ದಾವಲಸಾಬರು ಏಳಲಿಲ್ಲ.

"ಟಿಕೋಟಾ, ಟಿಕೋಟಾ! ಇಳಿಯಪಾ ಅಜ್ಜಾ," ಎಂದು ಕೂಗಿದ ಕಂಡಕ್ಟರ್ ಒಮ್ಮೆ ಇವರ ಮುಖವನ್ನೂ ಒಮ್ಮೆ ಹೊರಗಿನ ಬ್ಯಾನರನ್ನೂ ನೋಡಿ ಬೆರಗಾಗಿ, "ಏ, ನಿನ್ನ ಫೋಟೋನ ಕಟ್ಟ್ಯಾರಲ್ಲೋ ಯಪ್ಪಾ ಅಲ್ಲೆ!" ಎಂದ.

"ಆ ಫೋಟೋದಾವ ಇಳೀಲಿ," ಎಂದರು ದಾವಲಸಾಬರು. "ನಮಗ ಹೊನವಾಡಕ್ಕ ಎರಡ ತಿಕೀಟ ಕೊಡು."

ಹೊನವಾಡದ ಬಸ್‌ಸ್ಟ್ಯಾಂಡಿನ ಎದುರಿನ ಚಹದಂಗಡಿಯ ಹಲಗೆಯ ಮೇಲೆ ಕುಳಿತು ನಾವು ಮರಳಿ ಹೋಗುವ ಬಸ್ಸಿಗಾಗಿ ಕಾಯ್ದೆವು. ದ್ರಾಕ್ಷಿಯ ತೋಟಕ್ಕೆ ಕೂಲಿಗೆ ಹೊರಟ ಹೆಣ್ಣುಮಕ್ಕಳು ನಮ್ಮನ್ನು ದಾಟಿ ಹೋಗುತ್ತಿದ್ದರು. ನಾನು, ಗುರುಪಾದಯ್ಯನವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆಂದು ಹೇಳಿನೋಡಿದೆ. ಅವರು ಬಶಿಯಲ್ಲಿದ್ದ ಚಹವನ್ನು ಆರಿಸುತ್ತಲೇ ಇದ್ದರು, ಕುಡಿಯಲಿಲ್ಲ.

"ನಾ ಏನ ಮಾಡೇನಂತ ಹಾರಾ ಹಾಕ್ತಾರ್ರಿ ಸರ? ಬೇಡಿ ಹಾಕ್ಸಿಕೊಂಡೇನಿ. ಅದೇನ ಬಹುಮಾನ ಗೆದ್ದಂಗೇನ್ರಿ? ನನಗ ಹಾರಾ ಹಾಕಿದ್ರ ಎಲ್ಲಾರೂ ಚಪ್ಪಾಳಿ ಹೊಡದು, ಬುಂದೆ ತಿಂದು ಮನಿಗೆ ಹೋಕ್ಕಾರ. ತಪ್ಪ ಯಾರದಂತ ಯಾವನೂ ಕೇಳೂದಿಲ್ಲ." ಬಶಿಯನ್ನು ಹಲಗೆಯ ಮೇಲಿಟ್ಟು, ತಗ್ಗಿದ ದನಿಯಲ್ಲಿ, "ಹಾರದಾಗ ಮುಚ್ಚಿ ಹೋಗೂದದು, ಸರ," ಎಂದರು.

ಮರುದಿನ ಗುರುಪಾದಯ್ಯನವರು ಇಬ್ರಾಹಿಂಪುರಕ್ಕೆ ಬಂದರು. ಹೊರಗಿನ ಕಟ್ಟೆಯ ಮೇಲಿದ್ದ ನನ್ನನ್ನು ಲಕ್ಷಿಸದೆ ಬಾಗಿಲಲ್ಲಿ ನಿಂತು, "ಏನಲೇ ದಾವಲ್ಯಾ, ಊರ ಮಾನಾ ಕಳದೆಲ್ಲೋ! ಅಷ್ಟ ಮಂದಿ ಬಿಸಲಾಗ ಕುಂತಿದ್ರು, ನೀ ಬಸ್ಸಿನ್ಯಾಗ ಕುಂತು ಮುಂದ ಹೋದೆಂತ. ಆ ಹಾರಾ ಕಡೀಕ ಬ್ಯಾಂಡಿನವನ ಕೊಳ್ಳಿಗೆ ಹಾಕಿದ್ವಿ!" ಎಂದು ಗದರಿಸಿದರು. ದಾವಲಸಾಬರು ಹಿಂಜುವುದನ್ನು ನಿಲ್ಲಿಸಿ ಎದ್ದು ನಿಂತರು. ಒಳಗಿನಿಂದ ನೀರಿನ ತಂಬಿಗೆ ತಂದ ಚಾಂದಬಿ ಅದನ್ನು ಅಯ್ಯನವರ ಮುಂದಿಟ್ಟು, ಸೆರಗು ಸರಿಪಡಿಸಿಕೊಂಡು ಕೇಳಿದಳು:

"ನೀರ ಕುಡೀರಿ ಅಯ್ಯಾರ. ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿನ್ನೆ ಬಿಸಲಾಗ ಕುಂತಿದ್ರಲ್ರಿ ಅಷ್ಟ ಮಂದಿ, ಅವತ್ತ ಇವರಿಗೆ ಬೇಡಿ ಹಾಕಿ ಒಯ್ಯೂಮುಂದ ಅವರೆಲ್ಲಾ ಎಲ್ಲಿದ್ರ್ರಿ?"

ಅಯ್ಯನವರ ಉತ್ತರಕ್ಕೆ ಕಾಯದೆ ಅವಳೇ ಮುಂದುವರಿಸಿದಳು:

"ನಾನ ಹೇಳ್ತೇನಿ. ಅಲ್ಲೇ ಇದ್ರು. ಬದನಿಕಾಯಿ ಆರಸಾಕತ್ತಿದ್ರು. ಒಬ್ಬಾಕಿ ನನ್ನ ಕಡೆ ನೋಡಿ, ಮತ್ತ ಬದನಿಕಾಯಿ ಕಡೆ ನೋಡಿದ್ಳು. ನನಗ ಈಗೂ ಬದನಿಕಾಯಿ ಪಲ್ಯಾ ಗಂಟಲದಾಗ ಇಳಿಯೂದಿಲ್ರಿ ಅಯ್ಯಾರ."

ಗುರುಪಾದಯ್ಯನವರು ತಂಬಿಗೆಯನ್ನು ಎತ್ತಿಕೊಂಡರು, ಕುಡಿಯದೆ ಕೆಳಗಿಟ್ಟರು. "ಅವತ್ತ ನಾನೂ ಅಲ್ಲೇ ಇದ್ನೆವ್ವಾ," ಎಂದರು. ಬಂದಾಗಿನ ಗತ್ತು ಆ ದನಿಯಲ್ಲಿ ಇರಲಿಲ್ಲ. ಬಾಗಿಲಲ್ಲಿ ಬಿಟ್ಟಿದ್ದ ಕೆರವುಗಳನ್ನು ಮೆಟ್ಟಿಕೊಂಡು ಮೆಲ್ಲನೆ ಹೊರಟುಹೋದರು.

ಮುಂದಿನ ಸಂತೆಯ ದಿನ ಬ್ಯಾಂಡು ಇರಲಿಲ್ಲ, ಶಾಮಿಯಾನ ಇರಲಿಲ್ಲ. ಬಸ್ಸಿಳಿದ ದಾವಲಸಾಬರ ಪಕ್ಕದಲ್ಲಿ, ಪೂರ್ಣ ಸಮವಸ್ತ್ರ ಧರಿಸಿದ ಆರತಿಯವರು ಬಂದು ನಿಂತರು; ನಾನು ಕೆಲವು ಹೆಜ್ಜೆ ಹಿಂದೆ ಉಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ, ಮನೆಯ ಮುಂದೆ ಒಮ್ಮೆ ತಪ್ಪೊಪ್ಪಿಗೆಯ ಮಾತು ಹೇಳುವುದೆಂದು ನಿಶ್ಚಯವಾಗಿತ್ತು. ಮೊದಲನೆಯದನ್ನು ಆರತಿಯವರು ಹೇಳಿದರು; ಬಸ್ಸುಗಳ ಗದ್ದಲದಲ್ಲಿ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಇಬ್ಬರೂ ಸಂತೆಯೊಳಗೆ ಕಾಲಿಟ್ಟರು. ನಮ್ಮಲ್ಲಿ ಯಾರಿಗೂ ಮುಂಚಿತವಾಗಿ ಹೊಳೆಯದೆ ಹೋದ ಸಂಗತಿಯೊಂದು ಆಗ ಘಟಿಸಿತು. ಉಳ್ಳಾಗಡ್ಡಿಯ ರಾಶಿಯ ಹಿಂದೆ ಕುಳಿತಿದ್ದ ರೇವಪ್ಪನೆಂಬ ವ್ಯಾಪಾರಿ ತಲೆಯೆತ್ತಿ ನೋಡಿದವನೇ, ಪಕ್ಕದವನ ತೊಡೆ ತಟ್ಟಿ, ಎಲ್ಲರಿಗೂ ಕೇಳುವಂತೆ ಅಂದ:

"ಏ ನೋಡಲೇ, ದಾವಲ್ಯಾನ್ನ ಮತ್ತ ಹಿಡದಾರ!"

"ಈ ಸಲ ಏನ ಕದ್ದಾನೋ ಏನೋ," ಎಂದಿತು ಇನ್ನೊಂದು ದನಿ. ಯಾರೋ ನಕ್ಕರು.

ಪೊಲೀಸರ ಪಕ್ಕದಲ್ಲಿ ನಡೆಯುವ ಬಡವನನ್ನು ಕಂಡರೆ ಜಗತ್ತು ಮಾಡಬಲ್ಲ ಊಹೆ ಅದೊಂದೇ. ಹಳೆಯ ಗಾಯವನ್ನು ಮಾಯಿಸಲೆಂದು ಬಂದು ಅದನ್ನೇ ಮತ್ತೆ ಸೀಳಿದೆವೆಂದು ನನಗೆ ತೋರಿತು. ದಾವಲಸಾಬರು ನಿಂತರು. ಸಿಟ್ಟಿಲ್ಲದ ಮುಖವನ್ನು ಆರತಿಯವರ ಕಡೆಗೆ ತಿರುಗಿಸಿ, "ಇದ ನೋಡ್ರಿ ಬಾಯಾರ. ಇಷ್ಟ ವರ್ಷ ನಾ ಒಬ್ಬವನ ಕೇಳೇನಿ. ಇವತ್ತ ನೀವೂ ಕೇಳಿದ್ರಿ," ಎಂದರು.

ಆರತಿಯವರು ನೇರವಾಗಿ ರೇವಪ್ಪನ ಅಂಗಡಿಯ ಮುಂದೆ ಹೋಗಿ ನಿಂತರು.

"ಇವರನ್ನ ಹಿಡದಿಲ್ರಿ. ಅವತ್ತ ಹಿಡದದ್ದ ನಮ್ಮ ತಪ್ಪು. ಇವರು ಏನೂ ಕದ್ದಿಲ್ಲ. ಬೇಡಿ ಹಾಕಿ ಇದ ಹಾದ್ಯಾಗ ನಡಿಸಿದ್ದು ನಮ್ಮ ಇಲಾಖೆಯ ತಪ್ಪು. ಅದನ್ನ ಹೇಳಾಕ ನಾ ಇವರ ಕೂಡ ಬಂದೇನಿ."

ತಕ್ಕಡಿಯನ್ನು ಎತ್ತಿ ಹಿಡಿದಿದ್ದ ರೇವಪ್ಪನ ಕೈ ಹಾಗೆಯೇ ಉಳಿಯಿತು. "ಇರ್ಲಿ ಬಿಡ್ರಿ ಬಾಯಾರ, ಫೌಜದಾರ ಆದವರು ಹಿಂಗ ಸಂತ್ಯಾಗ ನಿಂತ ಹೇಳೂದು ಕೆಟ್ಟ ಕಾಣತೈತ್ರಿ," ಎಂದು ತಡವರಿಸಿದ.

"ಕೆಟ್ಟ ಕಾಣ್ಲಿ. ಕೆಟ್ಟನ ಐತದು," ಎಂದರು ಆಕೆ.

ಆಮೇಲೆ ಆಕೆ ನಿಶ್ಚಯವಾಗಿದ್ದುದನ್ನು ಮರೆತರು. ಒಂದೊಂದು ಅಂಗಡಿಯ ಮುಂದೆಯೂ ನಿಂತು, ಅದೇ ಮಾತನ್ನು, ಅಷ್ಟೇ ಸ್ಪಷ್ಟವಾಗಿ ಹೇಳುತ್ತ ನಡೆದರು. ಮೆಣಸಿನಕಾಯಿ ಮಾರುವ ಸೀತವ್ವ ಎದ್ದು ನಿಂತು ಕೇಳಿದಳು. ಬಟ್ಟೆಯ ವ್ಯಾಪಾರಿಯೊಬ್ಬ ಇವರು ಬರುವುದನ್ನು ಕಂಡು ಒಳಗೆ ಸರಿದುಬಿಟ್ಟ. ಎಷ್ಟೋ ಜನ ಇದು ತಮಗೆ ಸಂಬಂಧಿಸಿದ್ದಲ್ಲವೆಂಬಂತೆ ನೆಲ ನೋಡಿದರು. ಹೇಳಿಕಳುಹಿಸಿದ್ದರೂ ಬಬಲೇಶ್ವರದ ಕಡೆಯ ಆ ತೋಟದ ಮನೆಯವರು ಯಾರೂ ಬಂದಿರಲಿಲ್ಲ. ಹಿಟ್ಟಿನ ಗಿರಣಿಯ ಕಟ್ಟೆಯ ಬಳಿ ಬಂದಾಗ, ಬರಿಯ ಅಂಗಿ ಧೋತರದಲ್ಲಿದ್ದ ಗುರುಪಾದಯ್ಯನವರು ಕೆಳಗಿಳಿದು ಬಂದು ಆರತಿಯವರಿಗೆ, "ನಮ್ಮ ಊರಿನವರದೂ ತಪ್ಪೈತಿ ಅಂತ ಸೇರ್ಸಿ ಹೇಳ್ರಿ ಬಾಯಾರ," ಎಂದರು.

"ನಿಮ್ಮದ ನೀವ ಹೇಳ್ರಿ ಅಯ್ಯಾರ," ಎಂದರು ದಾವಲಸಾಬರು.

ನೂರಾರು ಸಭೆಗಳಲ್ಲಿ ನಿರರ್ಗಳವಾಗಿ ಮಾತನಾಡಿದ ಆ ಹಿರಿಯರು ಸುತ್ತ ನಿಂತವರ ಕಡೆಗೆ ತಿರುಗಿ, "ಇದ ಕಟ್ಟಿ ಮ್ಯಾಲ ನಿಂತ ನೋಡಿದ್ನಿ. ನನ್ನ ಸಾಲಿ ಹುಡುಗರು ಸಿಳ್ಳಿ ಹೊಡದ್ರು. ನಾ ಬ್ಯಾಡ ಅನ್ನಲಿಲ್ಲ," ಎಂದಷ್ಟೇ ಹೇಳಿದರು; ಹೇಳಿ ನಮ್ಮ ಹಿಂದೆ ನಡೆದು ಬಂದರು.

ಮನೆಯ ಮುಂದೆ ಚಾಂದಬಿ, ಮಿನಾಜ ನಿಂತಿದ್ದರು. ಆರತಿಯವರು ಕೊನೆಯ ಸಲ ಆ ಮಾತುಗಳನ್ನು ಅವರಿಬ್ಬರ ಎದುರಿಗೆ ಹೇಳಿ, ದಾವಲಸಾಬರನ್ನು ಕೇಳಿದರು: "ಇನ್ನೇನರ ಉಳದೈತೇನ್ರಿ ಕಾಕಾ?"

"ಇನ್ನೊಬ್ಬಾವನ್ನ ಹಿಂಗ ನಡಸಬ್ಯಾಡ್ರಿ," ಎಂದರು ದಾವಲಸಾಬರು. ಆಮೇಲೆ, ತಮ್ಮ ಮನೆಯ ಬಾಗಿಲಲ್ಲಿ ನಿಂತ ಗೃಹಸ್ಥನು ಅತಿಥಿಗೆ ಅನುಮತಿ ಕೊಡುವ ಸೌಜನ್ಯದಿಂದ, "ಇನ್ನ ನೀವು ಹೋಗಿ ಬರ್ರಿ," ಎಂದರು.

ನಾನು ಪ್ರತಿದಿನ ದೇವರ ಮುಂದೆ ಕಣ್ಣುಮುಚ್ಚಿ ಕುಳಿತು ನನ್ನ ಅಪರಾಧಗಳಿಗೆ ಕ್ಷಮೆ ಬೇಡುವವನು. ದಯಾಳುವಾದ ಅವನು ಅದನ್ನು ಕೊಡುತ್ತಾನೆಂಬ ಶ್ರದ್ಧೆಯೂ ನನಗಿದೆ. ಆದರೆ ದಾವಲಸಾಬರಂಥವರನ್ನು ಬಲ್ಲ ಮೇಲೆ, ಹತ್ತು ಜನರೆದುರು ಒಬ್ಬನಿಗೆ ಎಸಗಿದ ಅನ್ಯಾಯವನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ತೊಳೆದುಕೊಳ್ಳುವುದು ಸಾಧ್ಯವೇ ಎಂಬ ಸಂಶಯ ನನ್ನ ಪೂಜೆಯ ನಡುವೆಯೂ ಸುಳಿಯುತ್ತದೆ. ಇಂಥವರು ಲೋಕಕ್ಕೆ ಅಷ್ಟಾಗಿ ಪ್ರಿಯರಲ್ಲ. ಹಗೆ ಸಾಧಿಸುವವರನ್ನು ನಾವು ಅರ್ಥಮಾಡಿಕೊಳ್ಳುತ್ತೇವೆ, ಎಲ್ಲವನ್ನೂ ನುಂಗಿಕೊಂಡು ಮೌನವಾಗುವವರನ್ನು ಕೊಂಡಾಡುತ್ತೇವೆ. ಎರಡನ್ನೂ ಒಲ್ಲದೆ, ನಡೆದುದನ್ನು ನಡೆದ ಸ್ಥಳದಲ್ಲಿ, ಮಾಡಿದವರ ಬಾಯಿಂದಲೇ ಹೇಳಿಸಬೇಕೆಂದು ತಾಳ್ಮೆಯಿಂದ ಕಾಯುವವರು ಎದುರಾದಾಗ ನಮಗೆ ಶಾಲು ನೆನಪಾಗುತ್ತದೆ, ಹಾರ ನೆನಪಾಗುತ್ತದೆ. ಅವರು ಕೇಳುವುದು ನಾವು ಕೊಡಬಲ್ಲದ್ದನ್ನೇ. ಕೊಡಲಾಗದ್ದನ್ನು ಕೇಳಿದ್ದರೆ ಕೈಚೆಲ್ಲಿ ನಿಶ್ಚಿಂತರಾಗಿರುತ್ತಿದ್ದೆವು.